ಕಲ್ಯಾಣದ ಕಥೆಯನ್ನು ಅಚ್ಚು ಹಾಕಿಸಿದ ಪಾದ್ರಿ

ಶ್ರಾವಣ ಮಾಸ ಬಂದಿತೆಂದರೆ ನಮ್ಮ ಬೀದರ ಸೀಮೆಯ ಊರೂರುಗಳಲ್ಲಿ ಪುರಾಣ ಹಚ್ಚುವ ಪದ್ಧತಿಯುಂಟು. ಭಾಲ್ಕಿಯಲ್ಲಿ ನಾನು ಬಾಲಕನಾಗಿದ್ದಾಗ, ದೀಪ ಹಚ್ಚಿದ ಮೇಲೆ ಶಾಸ್ತ್ರಿಗಳು ಒಂದೊಂದೇ ಪದ್ಯವನ್ನು ಓದಿ ಅರ್ಥ ಹೇಳುತ್ತಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣವು ಆಗ ಕಣ್ಣೆದುರಿಗೆ ಬಂದು ನಿಲ್ಲುತ್ತಿತ್ತು. ಆ ಕಲ್ಯಾಣವು ನಮ್ಮ ಜಿಲ್ಲೆಯದೇ ಆದುದರಿಂದ ಕಥೆಯೂ ನಮ್ಮದೇ ಎಂಬ ಹೆಮ್ಮೆ ನಮಗೆಲ್ಲ ಇದ್ದಿತು. ಆ ಕಥೆಯ ಕಾವ್ಯವನ್ನು ತಾಳೆಯ ಗರಿಯಿಂದ ಅಚ್ಚಿನ ಹಾಳೆಗೆ ತಂದವರ ಮುಂಚೂಣಿಯಲ್ಲಿ ಒಬ್ಬ ಜರ್ಮನ್ ಪಾದ್ರಿ ಇದ್ದನೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ.

ಮುಂದೆ ಔರಾದಿನಲ್ಲಿ ಪಾಠ ಹೇಳುತ್ತಿದ್ದಾಗ ಈ ಸಂಗತಿಯನ್ನು ತರಗತಿಯಲ್ಲಿ ತಿಳಿಸಿದೆ. ನಮ್ಮ ಮತವನ್ನು ಬಿಡಿಸಲು ಬಂದವನು ನಮ್ಮ ಪುರಾಣವನ್ನು ಏಕೆ ಅಚ್ಚು ಹಾಕಿಸಿದನೆಂದು ಒಬ್ಬ ವಿದ್ಯಾರ್ಥಿ ಕೇಳಿದನು. ಆ ದಿನ ನಾನು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆ. ಇಂದು ಹೆರ್ಮನ್ ಮೋಗ್ಲಿಂಗರ ಜೀವನವನ್ನು ನೆನೆಯಹೊರಟಿರುವುದು ಆ ಹುಡುಗನ ಪ್ರಶ್ನೆಗಾಗಿಯೇ.

ಬೀದರ ನಗರದವರಿಗೆ ಮಿಶನರಿಗಳೆಂದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದ ಅಮೆರಿಕದ ಮೆಥೊಡಿಸ್ಟ್ ಸಭೆಯವರು. ಮೋಗ್ಲಿಂಗರು ಅವರಿಗಿಂತ ಅರ್ಧ ಶತಮಾನದಷ್ಟು ಹಿಂದಿನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿಗೆ ಸೇರಿದವರು. ನಿಜಾಮರ ಸೀಮೆಯಾಗಿದ್ದ ನಮ್ಮ ನಾಡು ಅವರ ಕಾರ್ಯಕ್ಷೇತ್ರವಾಗಿರಲಿಲ್ಲ. ಅವರು ದುಡಿದದ್ದು ಮಂಗಳೂರು, ಧಾರವಾಡ, ಕೊಡಗುಗಳಲ್ಲಿ.

1811ರ ಮೇ ತಿಂಗಳಿನಲ್ಲಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಮೋಗ್ಲಿಂಗರು ಜನಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿದ ಅವರಿಗೆ ಸ್ವದೇಶದಲ್ಲಿಯೇ ಗೌರವದ ಧರ್ಮೋಪದೇಶಕ ಪದವಿ ದೊರೆಯಬಹುದಾಗಿದ್ದಿತು. ಅದನ್ನು ತೊರೆದು ಅವರು ಬಾಸೆಲ್ ಮಿಶನ್ನನ್ನು ಸೇರಿದರು. ಆ ಮಿಶನ್ 1834ರಲ್ಲಿ ಮಂಗಳೂರಿನಲ್ಲಿ ಕಾಲೂರಿದ್ದಿತು. ಎರಡು ವರ್ಷಗಳ ಬಳಿಕ ಮೋಗ್ಲಿಂಗರೂ ಅಲ್ಲಿಗೆ ಬಂದಿಳಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಮೊದಲ ಆಸೆ ಮೊಳೆತದ್ದೂ ಬಾಡಿದ್ದೂ ಉತ್ತರದ ಬಯಲುಸೀಮೆಯಲ್ಲಿ. ಕಾಲಜ್ಞಾನದ ಭವಿಷ್ಯವಾಣಿಗಳಲ್ಲಿ ನಂಬಿಕೆಯಿಟ್ಟಿದ್ದ ಕೆಲವು ಜನರು ಮಿಶನರಿಗಳೇ ಆ ವಾಣಿ ಸೂಚಿಸಿದ ಗುರುಗಳೆಂದು ಭಾವಿಸಿ ಅವರನ್ನು ಹುಡುಕಿಕೊಂಡು ಬಂದರು. ಊರಿಗೆ ಊರೇ ಕ್ರಿಸ್ತನನ್ನು ಒಪ್ಪುವುದೆಂಬ ಭರವಸೆಯಿಂದ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಒಂದು ವಸಾಹತು ಏರ್ಪಟ್ಟಿತು. ಬಂದವರು ಬಂದಂತೆಯೇ ದೂರ ಸರಿದರು. ಭರವಸೆಯು ಕೈಗೂಡಲಿಲ್ಲ.

ಮಂಗಳೂರಿನಲ್ಲಿ ಅವರು ಹುಡುಗರ ಶಾಲೆಯನ್ನು ಕಟ್ಟಿ, ವಿದ್ಯಾರ್ಥಿಗಳೊಡನೆ ಒಂದೇ ಮನೆಯವರಂತೆ ಬಾಳಿದರು. 1843ರ ಜುಲೈ 1ರಂದು ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕಲ್ಲಚ್ಚಿನಲ್ಲಿ ಮೂಡುತ್ತಿದ್ದ ಆ ಪಾಕ್ಷಿಕದಲ್ಲಿ ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಪರದೇಶಗಳ ಸುದ್ದಿ, ನೀತಿಕಥೆಗಳು ಇರುತ್ತಿದ್ದವು. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಅಲ್ಲಿಯೂ ಬಹುಕಾಲ ಬಾಳಲಿಲ್ಲ. ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನವಾಗಿ ಆಚರಿಸುವುದು ಅಲ್ಪಾಯುಷಿಯಾದ ಈ ಹಾಳೆಯ ಸ್ಮರಣೆಗಾಗಿಯೇ.

1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣನು ಅವರಿಂದ ಕ್ರೈಸ್ತದೀಕ್ಷೆಯನ್ನು ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಿಶನ್ನಿನ ಸಂತೋಷವು ಒಂದು ಮನೆತನದ ಶೋಕವೂ ಆಗಿದ್ದಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೋಗ್ಲಿಂಗರು ಆ ತರುಣನನ್ನು ಯೂರೋಪಿಗೆ ಕರೆದೊಯ್ದು ಓದಿಸಿದರು; ಅವನು ಪಾದ್ರಿಯಾಗಿ ಕನ್ನಡನಾಡಿಗೆ ಹಿಂದಿರುಗಿ ಜೀವಮಾನವೆಲ್ಲ ದುಡಿದನು.

ಇನ್ನು ಆ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮೋಗ್ಲಿಂಗರು ನಮ್ಮ ದೇವತೆಗಳ ವಿಷಯದಲ್ಲಿಯೂ ಜಾತಿಪದ್ಧತಿಯ ವಿಷಯದಲ್ಲಿಯೂ ಖಂಡನೆಯ ಪುಸ್ತಿಕೆಗಳನ್ನು ಬರೆದವರು. ‘ಜಾತಿ ವಿಚಾರಣೆ’ ಅವುಗಳಲ್ಲಿ ಒಂದು. ಅದೇ ಕೈ 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ, ಚನ್ನಬಸವಪುರಾಣ ಮೊದಲಾದವನ್ನು ಅಚ್ಚು ಹಾಕಿಸಿತು. ನೀಲಗಿರಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಎಂಬವರು ಇದಕ್ಕೆ ಧನಸಹಾಯ ಮಾಡಿದರು. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣವೂ, 1584ರಲ್ಲಿ ವಿರೂಪಾಕ್ಷ ಪಂಡಿತನು ರಚಿಸಿದ ಚನ್ನಬಸವಪುರಾಣವೂ ಹೀಗೆ ಕಲ್ಲಚ್ಚನ್ನು ಕಂಡವು.

ಇದಕ್ಕೆ ನಿಷ್ಕಾಮವಾದ ಕಾವ್ಯಪ್ರೇಮವೇ ಕಾರಣವೆಂದರೆ ಅದು ಸತ್ಯವಾಗಲಾರದು. ಯಾರಿಗೆ ಉಪದೇಶ ಮಾಡಬೇಕೋ ಅವರ ಹೃದಯವನ್ನು ಅವರ ಗ್ರಂಥಗಳಲ್ಲಿಯೇ ಅರಿಯಬೇಕೆಂಬುದು ಮಿಶನರಿಗಳ ನೀತಿ. ಆದರೆ ಅರಿಯುವ ಕೆಲಸಕ್ಕೆ ಒಂದು ಓಲೆಯ ಪ್ರತಿ ಸಾಕಾಗಿದ್ದಿತು. ಪದ್ಯಗಳ ಶುದ್ಧ ಪಾಠವನ್ನು ಹುಡುಕಿ, ನೂರಾರು ಪುಟಗಳನ್ನು ಬರೆಸಿ, ಕಲ್ಲಿನ ಮೇಲೆ ಇಳಿಸಿ, ಎಲ್ಲರ ಕೈಗೂ ಸಿಗುವಂತೆ ಮಾಡುವುದಕ್ಕೆ ಬೇರೊಂದು ಶ್ರದ್ಧೆ ಬೇಕು. ತಾನು ಒಪ್ಪದ ಮಾತನ್ನೂ ಹೇಳಿದವರ ಬಾಯಿಂದ ಬಂದಂತೆಯೇ ಉಳಿಸುವ ಆ ಪ್ರಾಮಾಣಿಕತೆ ಅವರ ಧರ್ಮಶ್ರದ್ಧೆಗೆ ಹೊರತಾದುದಲ್ಲವೆಂದು ನಾನು ತಿಳಿಯುತ್ತೇನೆ.

ಅವರ ಕೊನೆಯ ಪ್ರಯತ್ನ ಕೊಡಗಿನದು. ದೇಹಸ್ಥಿತಿ ಕೆಟ್ಟು ಸ್ವದೇಶಕ್ಕೆ ಹೊರಡುವ ಯೋಚನೆಯಲ್ಲಿದ್ದಾಗ ಅಲಮಂಡ ಸೋಮಯ್ಯ ಎಂಬ ಕೊಡವರ ಪರಿಚಯವಾಗಿ, ಪ್ರಯಾಣವನ್ನು ಬಿಟ್ಟು 1853ರಲ್ಲಿ ಕೊಡಗಿಗೆ ನಡೆದರು. ಅಲ್ಲಿ ಜೀತದಂಥ ಬಾಳನ್ನು ಬಾಳುತ್ತಿದ್ದ ದಲಿತರಿಗಾಗಿ ಆನಂದಪುರವೆಂಬ ನೆಲೆಯನ್ನು ಕಟ್ಟಿ ಕಾಫಿಯ ತೋಟವನ್ನೆಬ್ಬಿಸಿದರು. ಕೊಡಗಿನ ಇತಿಹಾಸವನ್ನು ಕುರಿತು 1855ರಲ್ಲಿ ಇಂಗ್ಲಿಷ್ ಗ್ರಂಥವೊಂದನ್ನು ಪ್ರಕಟಿಸಿದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟನ್ನು ನೀಡಿತು. 1860ರಲ್ಲಿ ಕನ್ನಡನಾಡನ್ನು ಬಿಟ್ಟುಹೋದರು. 1881ರಲ್ಲಿ ಎಸ್ಲಿಂಗನ್ ನಗರದಲ್ಲಿ ತೀರಿಕೊಂಡರು. ಆನಂದಪುರದ ಮೇಲ್ವಿಚಾರಣೆಯನ್ನು ಆ ಹಳೆಯ ಶಿಷ್ಯ ಕೌಂಡಿನ್ಯನು ಹೊತ್ತನು.

ಲೆಕ್ಕ ಹಾಕುವವರಿಗೆ ಇದು ಸೋಲುಗಳ ಜೀವನವೆಂದೇ ತೋರಬಹುದು. ಮಲ್ಲಸಮುದ್ರ ಕೈತಪ್ಪಿತು, ಪತ್ರಿಕೆ ಅಳಿಯಿತು, ದೇಹ ಸೋತಿತು. ಆದರೂ ಪ್ರತಿಯೊಂದು ಸೋಲಿನ ಮರುದಿನವೂ ಅವರ ಮುಂದೆ ಒಂದು ಕೆಲಸವಿದ್ದಿತು. ನಮ್ಮ ಸೀಮೆಗೂ ಇಂಥ ಸ್ಥೈರ್ಯ ಅಪರಿಚಿತವಲ್ಲ. ಉರ್ದುವಿನ ಆಡಳಿತದ ದಿನಗಳಲ್ಲಿ, ಹೊರಗೆ ಉರ್ದು ಹಲಗೆಯನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ಬಲ್ಲವರು ನಾವು. ಇಬ್ಬರ ದೇವರು ಬೇರೆ, ದಾರಿ ಬೇರೆ. ಫಲವನ್ನು ಕೇಳದೆ ದುಡಿದ ಬಗೆ ಮಾತ್ರ ಒಂದೇ.

ಔರಾದಿನ ಆ ಹುಡುಗ ಈಗ ಎಲ್ಲಿರುವನೋ ಅರಿಯೆ. ಸಿಕ್ಕಿದರೆ ಇಷ್ಟು ಹೇಳಬೇಕೆಂದಿದ್ದೇನೆ: ಆ ಪಾದ್ರಿಯ ಉದ್ದೇಶವನ್ನು ನೀನು ಒಪ್ಪಬೇಕಾಗಿಲ್ಲ, ನಾನೂ ಪೂರ್ತಿಯಾಗಿ ಒಪ್ಪಿದವನಲ್ಲ. ಆದರೆ ಶ್ರಾವಣದಲ್ಲಿ ಪುರಾಣದ ಪುಸ್ತಕವನ್ನು ಬಿಚ್ಚುವಾಗ ಅವನ ಹೆಸರನ್ನೂ ಒಮ್ಮೆ ನೆನೆ.