ಹೆಜ್ಜೆ ಗುರುತಿನಲ್ಲೇ ಅಪರಾಧಿಯನ್ನು ಹುಡುಕಿದ ಕೆನೆತ್ ಆಂಡರ್ಸನ್

ಬೆಂಗಳೂರಿನ ಪೂರ್ವ ಭಾಗದ ವಿಮಾನಪುರವೆಂದರೆ ಮೊದಲು ನೆನಪಾಗುವುದು ಎಚ್‌ಎಎಲ್. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದೊಂದಿಗೆ 1940ರಲ್ಲಿ ಇಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ದುಡಿದವರ ಪೈಕಿ ಒಬ್ಬರ ಹೆಸರು ಮಾತ್ರ ವಿಮಾನಕ್ಕಿಂತ ಹೆಚ್ಚಾಗಿ ಕಾಡಿನೊಂದಿಗೆ ಬೆಸೆದುಕೊಂಡಿದೆ. ಅವರೇ ಕೆನೆತ್ ಆಂಡರ್ಸನ್. ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ವ್ಯವಸ್ಥಾಪಕರಾಗಿದ್ದ ಅವರು, ಬಿಡುವು ದೊರೆತಾಗಲೆಲ್ಲ ದಕ್ಷಿಣದ ಕಾಡುಗಳಲ್ಲಿ ನರಭಕ್ಷಕ ಪ್ರಾಣಿಗಳ ಜಾಡು ಹಿಡಿದು ಹೊರಡುತ್ತಿದ್ದರು.

ಆಂಡರ್ಸನ್ ಜನಿಸಿದ್ದು 1910ರ ಮಾರ್ಚ್ 8ರಂದು, ಹೈದರಾಬಾದ್ ಸಮೀಪದ ಬೊಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಅವರ ಕುಟುಂಬ ಹಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿತ್ತು. ಸೇನೆಯ ಲೆಕ್ಕಪತ್ರ ಇಲಾಖೆಯಲ್ಲಿದ್ದ ತಂದೆಗೂ ಬೇಟೆಯ ಹವ್ಯಾಸವಿತ್ತು. ಬಿಷಪ್ ಕಾಟನ್ ಬಾಲಕರ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಓದಿದ ಬಾಲಕನನ್ನು ಕಾನೂನು ವ್ಯಾಸಂಗಕ್ಕಾಗಿ ಎಡಿನ್‌ಬರೋಗೆ ಕಳುಹಿಸಲಾಯಿತು. ಆದರೆ ಅಲ್ಲಿ ಮನಸ್ಸು ನಿಲ್ಲಲಿಲ್ಲ. ವ್ಯಾಸಂಗವನ್ನು ಅರ್ಧಕ್ಕೇ ಬಿಟ್ಟು ಅವರು ಬೆಂಗಳೂರಿಗೆ ಮರಳಿದರು. ಅಂಚೆ ಮತ್ತು ತಂತಿ ಇಲಾಖೆಯಲ್ಲಿ 15 ವರ್ಷ ಸೇವೆ ಸಲ್ಲಿಸಿ, ಬಳಿಕ ವಿಮಾನ ಕಾರ್ಖಾನೆ ಸೇರಿದರು.

ಕೊಂಬಿನ ಅಳತೆಯ ಕಾಲ

ಆಂಡರ್ಸನ್ ಕೋವಿ ಹಿಡಿದ ಕಾಲದಲ್ಲಿ ಬೇಟೆಯ ಪ್ರತಿಷ್ಠೆಯನ್ನು ಅಳೆಯುತ್ತಿದ್ದುದು ಅಳತೆ ಪಟ್ಟಿಯಿಂದ. ಸಿಲೋನಿನ ಬ್ರಿಟಿಷ್ ಶಿಕಾರಿಗಳು ‘ಎಲ್ಕ್’ ಎಂದೇ ಕರೆಯುತ್ತಿದ್ದ ಕಡವೆಯ ಕೊಂಬನ್ನು ಬುಡದಿಂದ ತುದಿಯವರೆಗೆ ಹೊರಬಾಗಿನ ಗುಂಟ ಅಳೆದು ದಾಖಲೆ ಪುಸ್ತಕಗಳಿಗೆ ಕಳುಹಿಸುವುದು ವಾಡಿಕೆಯಾಗಿತ್ತು. ಪ್ರಾಣಿ ಜೀವಂತವಾಗಿ ಎದುರಿಗಿರುವಾಗ ಕೊಂಬಿನ ಉದ್ದವನ್ನು ಕಿವಿಯ ಉದ್ದದೊಂದಿಗೆ ಹೋಲಿಸಿ, ಕವಲುಗಳನ್ನು ಎಣಿಸಿ ಅಂದಾಜು ಮಾಡಬೇಕಿತ್ತು. ಆ ಅಂದಾಜು ತಪ್ಪುವುದೂ ಸಾಮಾನ್ಯ. ಪ್ರಾಯದ ಕಡವೆಯ ಒಂದೊಂದು ಕೊಂಬಿಗೂ ಸಾಮಾನ್ಯವಾಗಿ ಮೂರೇ ಕವಲು. ಆದ್ದರಿಂದ ಕವಲಿನ ಲೆಕ್ಕದಿಂದ ವಯಸ್ಸು ತಿಳಿಯದು. ತೀರಾ ಮುದಿಯಾದ ಗಂಡಿನ ಕೊಂಬು ಮತ್ತೆ ಕುಗ್ಗುವುದೂ ಉಂಟು. ಹುಲಿಯ ಉದ್ದದಲ್ಲಿಯೂ ಇದೇ ತಕರಾರು. ಮೂಗು ಮತ್ತು ಬಾಲದ ತುದಿಗಳಲ್ಲಿ ಗೂಟ ನೆಟ್ಟು ನೇರವಾಗಿ ಅಳೆದರೆ ಒಂದು ಲೆಕ್ಕ, ಬೆನ್ನಿನ ಉಬ್ಬುತಗ್ಗಿನ ಮೇಲೆ ಪಟ್ಟಿ ಎಳೆದು ಅಳೆದರೆ ಹಲವು ಅಂಗುಲ ಹೆಚ್ಚು.

ಶಿಕಾರಿಯ ಅಂದಾಜು ತಪ್ಪಿದರೆ ಗೋಡೆಯ ಮೇಲಿನ ಕೊಂಬು ಒಂದೆರಡು ಅಂಗುಲ ಚಿಕ್ಕದಾಗುತ್ತಿತ್ತು, ಅಷ್ಟೇ. ನರಭಕ್ಷಕದ ಬೆನ್ನುಹತ್ತಿದವನ ಅಂದಾಜು ತಪ್ಪಿದರೆ ನಿರಪರಾಧಿ ಪ್ರಾಣಿಯೊಂದು ಸತ್ತು, ಹಳ್ಳಿಯಲ್ಲಿ ಮತ್ತೊಂದು ಹೆಣ ಬೀಳುತ್ತಿತ್ತು. ಆಂಡರ್ಸನ್ ಆಯ್ದುಕೊಂಡದ್ದು ಈ ಎರಡನೆಯ ಹಾದಿಯನ್ನು.

ಮಣ್ಣಿನ ಮೇಲಿನ ಸಾಕ್ಷ್ಯ

ಈ ವಿದ್ಯೆಯ ಮೊದಲ ಪಾಠ ಹೆಜ್ಜೆ ಗುರುತು. ಗಂಡು ಹುಲಿಯ ಹೆಜ್ಜೆ ದುಂಡಗೆ, ಚೌಕಕ್ಕೆ ಹತ್ತಿರವಾಗಿದ್ದರೆ ಹೆಣ್ಣಿನದು ತುಸು ನೀಳ. ಅಂಚು ಚೂಪಾಗಿದ್ದರೆ ಗುರುತು ಹೊಸದು. ಅದರ ಮೇಲೆ ಹುಳುಗಳು ಹರಿದ ಗೆರೆ ಇದ್ದರೆ ಹಳೆಯದು. ಒಂದು ಕಾಲಿನ ಗುರುತು ಮಾತ್ರ ಹಗುರಾಗಿದ್ದರೆ ಪ್ರಾಣಿ ಕುಂಟುತ್ತಿದೆ ಎಂದರ್ಥ. ಕಡವೆ, ಜಿಂಕೆ, ಲಂಗೂರಗಳ ಎಚ್ಚರಿಕೆಯ ಕೂಗೂ ಸಾಕ್ಷ್ಯವೇ. ಇದನ್ನೆಲ್ಲ ಆಂಡರ್ಸನ್ ಕಾಡಿನ ಮಕ್ಕಳಿಂದಲೇ ಕಲಿತರು. ಪೂಜಾರಿ ಬುಡಕಟ್ಟಿನ ಬೈರ ಹಾಗೂ ಸಂಗಾತಿ ರಂಗ ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಕನ್ನಡ, ತಮಿಳು ಬಲ್ಲ ಈ ದೊರೆಗೆ ಹಳ್ಳಿಗರು ಕಂಡದ್ದನ್ನು ಕಂಡಂತೆ ಹೇಳುತ್ತಿದ್ದರು.

ಇಂದಿನ ಕರ್ನಾಟಕ–ತಮಿಳುನಾಡು ಗಡಿಯ ಗುಮ್ಮಳಾಪುರದ ಸುತ್ತ 42 ಜನರನ್ನು ಬಲಿ ಪಡೆದ ಚಿರತೆಯ ಕಥೆ ಇದಕ್ಕೆ ನಿದರ್ಶನ. ಆ ಚಿರತೆಯನ್ನು ಕೊಂದ ಬಳಿಕ ಆಂಡರ್ಸನ್ ಅದರ ಪಂಜವನ್ನು ಪರೀಕ್ಷಿಸಿದರು. ಮುರಿದು ಒಳಗೇ ಉಳಿದಿದ್ದ ಮುಳ್ಳುಹಂದಿಯ ಮುಳ್ಳುಗಳು ಅಲ್ಲಿ ಕಂಡವು. ಸಹಜ ಬೇಟೆ ಅಸಾಧ್ಯವಾದಾಗ ಪ್ರಾಣಿ ಮನುಷ್ಯನತ್ತ ತಿರುಗಿತ್ತು. ಅರಸೀಕೆರೆ ಭಾಗದಲ್ಲಿ 12 ಮಂದಿಯನ್ನು ಕೊಂದ ಕರಡಿಯನ್ನೂ ಅವರು ಬೇಟೆಯಾಡಿದರು. ಗೆದ್ದಲು, ಹಣ್ಣು ತಿಂದು ಬದುಕುವ ಕರಡಿಯ ವಿಷಯದಲ್ಲಿ ಇದು ತೀರಾ ಅಪರೂಪದ ಪ್ರಕರಣ.

ಅವರ ಲೆಕ್ಕದ ಬಗ್ಗೆ ಉತ್ಪ್ರೇಕ್ಷೆಗಳಿಗೆ ಕೊರತೆಯಿಲ್ಲ. ಸರ್ಕಾರಿ ದಾಖಲೆಗಳಿಗೆ ಸೇರಿದ್ದು 1939ರಿಂದ 1966ರ ಅವಧಿಯ 8 ನರಭಕ್ಷಕ ಚಿರತೆಗಳು ಮತ್ತು 7 ನರಭಕ್ಷಕ ಹುಲಿಗಳು. ಉಳಿದದ್ದು ಜನಜನಿತ ಸಂಖ್ಯೆ.

ಕೋವಿಯಿಂದ ಕ್ಯಾಮೆರಾಕ್ಕೆ

1950ರ ದಶಕದಲ್ಲಿ ಪ್ರಕಟವಾಗತೊಡಗಿದ ಅವರ ಇಂಗ್ಲಿಷ್ ಕೃತಿಗಳು ದೇಶವಿದೇಶಗಳ ಓದುಗರನ್ನು ತಲುಪಿದವು. ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರು ‘ಕಾಡಿನ ಕತೆಗಳು’ ಮಾಲಿಕೆಯ ಮೂಲಕ ಆಂಡರ್ಸನ್ ಅವರನ್ನು ಕನ್ನಡಿಗರ ಮನೆಮಾತಾಗಿಸಿದರು. ವಯಸ್ಸು ಮಾಗಿದಂತೆ ಆಂಡರ್ಸನ್ ಕೋವಿ ಬದಿಗಿಟ್ಟು ಕ್ಯಾಮೆರಾ ಹಿಡಿದರು; ಕರಗುತ್ತಿದ್ದ ಕಾಡಿನ ಕುರಿತು ಬರೆದರು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಜಾರಿಗೆ ಬಂತು. 1973ರಲ್ಲಿ ಆರಂಭವಾದ ಹುಲಿ ಯೋಜನೆಯಲ್ಲಿ ಬಂಡೀಪುರವೂ ಸೇರಿತು. ಮರುವರ್ಷ, 1974ರ ಆಗಸ್ಟ್ 30ರಂದು ಆಂಡರ್ಸನ್ ಬೆಂಗಳೂರಿನಲ್ಲಿ ಕೊನೆಯುಸಿರೆಳೆದರು.

ಹೆಜ್ಜೆ ಗುರುತಿನ ವಿದ್ಯೆಗೂ ಮಿತಿಯಿದೆ ಎಂಬುದು ನಂತರ ಸ್ಪಷ್ಟವಾಯಿತು. ಮೆದು ಮಣ್ಣಿನಲ್ಲಿ ಹೆಜ್ಜೆ ದೊಡ್ಡದಾಗಿ, ಗಟ್ಟಿ ನೆಲದಲ್ಲಿ ಚಿಕ್ಕದಾಗಿ ಮೂಡುವುದರಿಂದ ಒಂದೇ ಹುಲಿಯನ್ನು ಎರಡೆಂದು ಎಣಿಸುವ ಅಪಾಯವಿತ್ತು. ರಾಜಸ್ಥಾನದ ಸಾರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲವೆಂಬುದು 2005ರಲ್ಲಿ ಬಯಲಾದ ಬಳಿಕ ಈ ಗಣತಿ ಪದ್ಧತಿಯನ್ನು ಕೈಬಿಡಲಾಯಿತು. ವಿಜ್ಞಾನಿ ಕೆ. ಉಲ್ಲಾಸ ಕಾರಂತ ಅವರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಬಳಸಿದ್ದ ಕ್ಯಾಮೆರಾ ಟ್ರ್ಯಾಪ್ ವಿಧಾನ ಮುನ್ನೆಲೆಗೆ ಬಂತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಹೀಗಾಗಿ ಹಂತಕ ಪ್ರಾಣಿಯನ್ನು ಗುರುತಿಸುವ ಹೊಣೆ ಈಗ ಬಹುಪಾಲು ಛಾಯಾಚಿತ್ರದ್ದು.

ಆದರೂ ಆಂಡರ್ಸನ್ ಎದುರಿಸಿದ ಪ್ರಶ್ನೆ ಹಳೆಯದಾಗಿಲ್ಲ. 2016ರ ಫೆಬ್ರುವರಿಯಲ್ಲಿ, ವಿಮಾನಪುರಕ್ಕೆ ಹೆಚ್ಚು ದೂರವಿಲ್ಲದ ವರ್ತೂರು ಭಾಗದ ಶಾಲೆಯೊಂದಕ್ಕೆ ಚಿರತೆ ನುಗ್ಗಿ ಹಲವರನ್ನು ಗಾಯಗೊಳಿಸಿತು. ಕಾಡಂಚಿನ ಊರುಗಳಲ್ಲಿ ಇಂದಿಗೂ ಜಾನುವಾರು ಅಥವಾ ಮನುಷ್ಯ ಸತ್ತ ಸುದ್ದಿ ಬಂದೊಡನೆ ಕಣ್ಣಿಗೆ ಬಿದ್ದ ಪ್ರಾಣಿಯನ್ನು ಮುಗಿಸಬೇಕೆಂಬ ಕೂಗು ಏಳುತ್ತದೆ. ಅಂಥ ಹೊತ್ತಿನಲ್ಲಿ ಕೋವಿ ಎತ್ತುವ ಮುನ್ನ ಬಗ್ಗಿ ನೆಲ ನೋಡುತ್ತಿದ್ದ ಕಾರ್ಖಾನೆಯ ಈ ಅಧಿಕಾರಿಯ ತಾಳ್ಮೆ ನೆನಪಿಗೆ ಬರಬೇಕು.