ಏಡಿಗೆ ಪರೀಕ್ಷೆ ಇಟ್ಟವರು ಸೈನಿಕರಿಗೂ ಇಟ್ಟರು: ಐಕ್ಯೂ ಪಟ್ಟಿಗಳ ಹಿಂದಿನ ರಾಬರ್ಟ್ ಯರ್ಕೀಸ್ ಕಥೆ

ಯಾವ ದೇಶದ ಜನರ ಐಕ್ಯೂ ಎಷ್ಟು ಎಂಬ ಪಟ್ಟಿಯೊಂದು ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಬುದ್ಧಿ ಎನ್ನುವುದು ಹುಟ್ಟಿನಿಂದಲೇ ಬರುವಂಥದ್ದು, ಅದನ್ನು ಬದಲಿಸಲಾಗದು ಎಂಬ ಸಾಲು ಅದರ ಕೊನೆಗೆ ಇರುವುದೂ ಉಂಟು. ಇಡೀ ಜನಸಮೂಹದ ಬುದ್ಧಿಯನ್ನು ಒಂದೇ ಅಂಕಿಯಲ್ಲಿ ಹೇಳುವ ಈ ಚಾಳಿಗೆ ನೂರು ವರ್ಷ ದಾಟಿದೆ. ಅದನ್ನು ಭಾರೀ ಪ್ರಮಾಣದಲ್ಲಿ ಮೊದಲು ಮಾಡಿ ತೋರಿಸಿದವರು ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಯರ್ಕೀಸ್. ಆದರೆ ಅವರು ಮೊದಲು ಅಳೆದದ್ದು ಮನುಷ್ಯರನ್ನಲ್ಲ, ಏಡಿಗಳನ್ನು.

ಹೊಲದಿಂದ ಹಾರ್ವರ್ಡ್‌ಗೆ

ಯರ್ಕೀಸ್ ಹುಟ್ಟಿದ್ದು 1876ರಲ್ಲಿ, ಪೆನ್ಸಿಲ್ವೇನಿಯಾದ ಒಂದು ರೈತ ಕುಟುಂಬದಲ್ಲಿ. ಬೇಸಾಯದ ಕಷ್ಟ ಬೇಡ, ವೈದ್ಯನಾಗಬೇಕು ಎಂಬುದು ಹುಡುಗನ ಆಸೆ. ಬಂಧುವೊಬ್ಬರ ನೆರವಿನಿಂದ ಅರ್ಸೈನಸ್ ಕಾಲೇಜಿನಲ್ಲಿ ಓದಿ 1897ರಲ್ಲಿ ಪದವಿ ಪಡೆದರು. ಮುಂದಿನ ಓದಿಗೆ ಹಾರ್ವರ್ಡ್ ಸೇರಿದ ಮೇಲೆ ವೈದ್ಯಕೀಯದ ಆಸೆ ಹಿಂದೆ ಸರಿಯಿತು. ಪ್ರಾಣಿಗಳು ಹೇಗೆ ಕಲಿಯುತ್ತವೆ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. 1902ರಲ್ಲಿ ಡಾಕ್ಟರೇಟ್ ಪಡೆದು ಅಲ್ಲಿಯೇ ಪಾಠ ಮಾಡತೊಡಗಿದರು.

ಆ ಕಾಲಕ್ಕೆ ಜರ್ಮನಿಯ ವಿಜ್ಞಾನಿ ಆಲ್ಬ್ರೆಕ್ಟ್ ಬೆಥೆ, ಏಡಿಗಳಿಗೆ ಕಲಿಕೆಯೇ ಇಲ್ಲ, ಅವು ಕೀಲಿ ಕೊಟ್ಟ ಯಂತ್ರಗಳಂತೆ ವರ್ತಿಸುತ್ತವೆ ಎಂದು ವಾದಿಸಿದ್ದರು. ಯರ್ಕೀಸ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಒಂದೆರಡು ಸಲ ನೋಡಿ ತೀರ್ಮಾನಿಸಿದರೆ ಹೇಗೆ, ಹತ್ತಾರು ಸಲ ಅವಕಾಶ ಕೊಟ್ಟು ನೋಡಬೇಡವೇ ಎಂಬುದು ಅವರ ನಿಲುವು.

ಎರಡು ದಾರಿಯ ಪೆಟ್ಟಿಗೆ

1902ರಲ್ಲಿ ಅವರು ಹಸಿರು ಏಡಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಮರುವರ್ಷ ಹಗಿನ್ಸ್ ಎಂಬ ಸಹವರ್ತಿಯ ಜೊತೆ ಕ್ರೇಫಿಶ್‌ಗಳ ಅಧ್ಯಯನ ಬಂತು. ಕ್ರೇಫಿಶ್ ಎಂದರೆ ಸಿಹಿನೀರಿನಲ್ಲಿ ಬದುಕುವ, ಪುಟ್ಟ ಲಾಬ್‌ಸ್ಟರ್‌ನಂತೆ ಕಾಣುವ, ಏಡಿ ಸಿಗಡಿಗಳ ಬಳಗದ ಜೀವಿ.

ಉಪಕರಣ ತೀರಾ ಸರಳ. ಒಂದು ಅಡಿಗಿಂತ ತುಸು ಉದ್ದದ ಮರದ ಪೆಟ್ಟಿಗೆ. ಒಂದು ತುದಿಯಲ್ಲಿ ಕ್ರೇಫಿಶ್ ಬಿಡುವ ಸಣ್ಣ ಕೋಣೆ. ಇನ್ನೊಂದು ತುದಿಯಲ್ಲಿ ಅಡ್ಡಹಲಗೆಯಿಂದ ಎರಡಾಗಿ ಸೀಳಿದ ದಾರಿ. ಎರಡರಲ್ಲಿ ಒಂದನ್ನು ಗಾಜಿನ ತುಂಡಿನಿಂದ ಮುಚ್ಚಿರುತ್ತಾರೆ, ಇನ್ನೊಂದು ನೀರಿಗೆ ಹೋಗುತ್ತದೆ. ನೀರಿನಿಂದ ಹೊರಗಿರುವ ಕ್ರೇಫಿಶ್‌ಗೆ ಮರಳಿ ನೀರು ಸೇರುವುದೇ ಬಹುಮಾನ.

ಮೊದಲ ಹತ್ತು ಸಲ ಸರಿಯಾದ ದಾರಿ ಹಿಡಿದದ್ದು ಶೇ 50ರಷ್ಟು. ಅಂದರೆ ನಾಣ್ಯ ಚಿಮ್ಮಿದ ಹಾಗೆ. ಅರವತ್ತು ಸಲ ಆಗುವ ಹೊತ್ತಿಗೆ ಅದು ಶೇ 90ಕ್ಕೆ ಏರಿತ್ತು.

ಯರ್ಕೀಸ್ ಇಲ್ಲಿಗೆ ನಿಲ್ಲಿಸಲಿಲ್ಲ. ಹಿಂದಿನ ಸಲ ನಡೆದ ಜಾಡಿನ ವಾಸನೆ ಹಿಡಿದು ಹೋಗುತ್ತಿರಬಹುದಲ್ಲ ಎಂದು ಪೆಟ್ಟಿಗೆಯನ್ನು ತೊಳೆದು ಮತ್ತೆ ಪರೀಕ್ಷಿಸಿದರು. ಆಗಲೂ ಅವು ದಾರಿ ತಪ್ಪಲಿಲ್ಲ. ಫಲಿತಾಂಶಕ್ಕೆ ಬೇರೆ ಕಾರಣವಿದೆಯೇ ಎಂದು ಹುಡುಕಿ ಒಂದೊಂದನ್ನೇ ತಳ್ಳಿಹಾಕುವುದು ಒಳ್ಳೆಯ ವಿಜ್ಞಾನದ ಲಕ್ಷಣ.

ಇಂದಿಗೂ ಈ ದಾರಿಯಲ್ಲೇ ಸಂಶೋಧನೆ ನಡೆಯುತ್ತಿದೆ. 2019ರಲ್ಲಿ ಬ್ರಿಟನ್ನಿನ ಸ್ವಾನ್ಸಿ ವಿಶ್ವವಿದ್ಯಾಲಯದ ಸಂಶೋಧಕರು ಕಡಲತೀರದ ಏಡಿಗಳನ್ನು ಹಲವು ತಿರುವುಗಳ ಚಕ್ರವ್ಯೂಹದಲ್ಲಿ ಬಿಟ್ಟರು. ನಾಲ್ಕು ವಾರಗಳಲ್ಲಿ ಅವು ದಾರಿ ಕಲಿತವು, ಎರಡು ವಾರ ಬಿಟ್ಟು ತಂದಾಗಲೂ ನೆನಪಿಟ್ಟುಕೊಂಡಿದ್ದವು. ಯಂತ್ರವೆಂದು ಬೆಥೆ ತಳ್ಳಿಹಾಕಿದ್ದು ಇದೇ ಜಾತಿಯ ಏಡಿಗಳನ್ನು.

ಸ್ವಲ್ಪ ಒತ್ತಡ ಒಳ್ಳೆಯದು ಎನ್ನುವ ಗ್ರಾಫ್

ಒತ್ತಡ ಹದವಾಗಿದ್ದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂದು ಹೇಳುವ ಗುಡ್ಡದಾಕಾರದ ಗ್ರಾಫ್ ನೋಡಿದ್ದೀರಾ? ಅದರ ಮೂಲ 1908ರಲ್ಲಿ ಯರ್ಕೀಸ್ ಮತ್ತು ಡಾಡ್ಸನ್ ನಡೆಸಿದ ಪ್ರಯೋಗ. ಅದು ಆಫೀಸಿನ ನೌಕರರ ಮೇಲೆ ನಡೆದದ್ದಲ್ಲ. ಇಲಿಗಳಿಗೆ ವಿದ್ಯುತ್ ಶಾಕ್ ಕೊಟ್ಟು, ಬಿಳಿ ಕಪ್ಪು ಪೆಟ್ಟಿಗೆಗಳ ವ್ಯತ್ಯಾಸವನ್ನು ಎಷ್ಟು ಬೇಗ ಕಲಿಯುತ್ತವೆ ಎಂದು ನೋಡಿದ್ದು. ಕಲಿಯಬೇಕಾದದ್ದು ಸುಲಭವಿದ್ದಾಗ ಜೋರು ಶಾಕ್‌ನಿಂದ ಬೇಗ ಕಲಿತವು, ಕಷ್ಟವಿದ್ದಾಗ ಹದವಾದ ಶಾಕ್ ಒಳ್ಳೆಯದಿತ್ತು. ಮನುಷ್ಯರ ಒತ್ತಡದ ಬಗೆಗಿನ ಮಾತು ಆಮೇಲೆ ಸೇರಿಕೊಂಡದ್ದು.

17 ಲಕ್ಷ ಸೈನಿಕರ ಪರೀಕ್ಷೆ

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಆಗ ಅಮೆರಿಕದ ಮನೋವಿಜ್ಞಾನಿಗಳ ಸಂಘಕ್ಕೆ ಯರ್ಕೀಸ್ ಅವರೇ ಅಧ್ಯಕ್ಷರು. ಸೇನೆಗೆ ಸೇರುವವರ ಬುದ್ಧಿಮತ್ತೆ ಅಳೆಯುವ ಯೋಜನೆ ಅವರ ನೇತೃತ್ವದಲ್ಲಿ ಶುರುವಾಯಿತು. ಓದು ಬಲ್ಲವರಿಗೆ ಆಲ್ಫಾ ಪರೀಕ್ಷೆ, ಓದು ಬಾರದವರಿಗೆ ಮತ್ತು ಇಂಗ್ಲಿಷ್ ತಿಳಿಯದವರಿಗೆ ಚಿತ್ರಗಳ ಬೀಟಾ ಪರೀಕ್ಷೆ. ಸುಮಾರು 17 ಲಕ್ಷ ಮಂದಿ ಇದನ್ನು ಬರೆದರು.

ಹುಟ್ಟಿನಿಂದ ಬಂದ ಬುದ್ಧಿಯನ್ನೇ ಇದು ಅಳೆಯುತ್ತದೆ ಎಂದು ಯರ್ಕೀಸ್ ಹೇಳಿಕೊಂಡರು. ಆದರೆ ಪ್ರಶ್ನೆಗಳನ್ನು ನೋಡಿ. ಕ್ರಿಸ್ಕೊ ಎಂಬುದು ಏನು ಎಂದು ಕೇಳಿದ್ದರು. ಅದು ಅಮೆರಿಕದ ಅಡುಗೆಮನೆಯ ಒಂದು ಕೊಬ್ಬಿನ ಬ್ರಾಂಡ್. ಬೇಸ್‌ಬಾಲ್ ಆಟಗಾರನೊಬ್ಬನ ವೃತ್ತಿ ಏನು ಎಂದು ಕೇಳಿದ್ದರು. ಟೆನ್ನಿಸ್ ಅಂಗಣದ ಚಿತ್ರದಲ್ಲಿ ನೆಟ್ ಇಲ್ಲ ಎಂದು ಗುರುತಿಸಬೇಕಿತ್ತು. ಮೊನ್ನೆ ಮೊನ್ನೆ ಇಟಲಿಯ ಹಳ್ಳಿಯಿಂದ ಹಡಗು ಹತ್ತಿ ಬಂದವನು ಟೆನ್ನಿಸ್ ಅಂಗಣ ಎಲ್ಲಿ ನೋಡಿರುತ್ತಾನೆ? ಜೊತೆಗೆ ಕಿಕ್ಕಿರಿದ ಕೊಠಡಿಗಳು, ಅವಸರದ ಸೂಚನೆಗಳು. ಸೊನ್ನೆ ಪಡೆದವರು ಬಹಳ ಮಂದಿ.

1921ರ ವರದಿ, ಬಿಳಿಯ ಸೈನಿಕರ ಸರಾಸರಿ ಮಾನಸಿಕ ವಯಸ್ಸು ಸುಮಾರು 13 ಎಂದಿತು. ದಕ್ಷಿಣ ಮತ್ತು ಪೂರ್ವ ಯುರೋಪಿನಿಂದ ಬಂದವರನ್ನು, ಕಪ್ಪು ಜನರನ್ನು ಇನ್ನೂ ಕೆಳಗಿಟ್ಟಿತು.

ಆ ವರದಿಯ ಅಂಕಿಗಳಲ್ಲೇ ಬೇರೆ ಕಥೆಯೂ ಇತ್ತು. ವಲಸಿಗರು ಅಮೆರಿಕದಲ್ಲಿ ಹೆಚ್ಚು ವರ್ಷ ಬದುಕಿದಷ್ಟೂ ಅವರ ಅಂಕ ಹೆಚ್ಚುತ್ತಿತ್ತು. ಉತ್ತರದ ಕೆಲವು ರಾಜ್ಯಗಳ ಕಪ್ಪು ಸೈನಿಕರು ದಕ್ಷಿಣದ ಕೆಲವು ರಾಜ್ಯಗಳ ಬಿಳಿಯರಿಗಿಂತ ಹೆಚ್ಚು ಅಂಕ ಪಡೆದಿದ್ದರು. ಶಾಲೆ, ಭಾಷೆ, ಪರಿಸರ ಇವೇ ಅಂಕ ನಿರ್ಧರಿಸುತ್ತಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸುಳಿವು ಬೇಕಿರಲಿಲ್ಲ. ಕ್ರೇಫಿಶ್ ವಿಷಯದಲ್ಲಿ ಪೆಟ್ಟಿಗೆ ತೊಳೆದು ನೋಡಿದವರು ಮನುಷ್ಯರ ವಿಷಯದಲ್ಲಿ ಆ ಎಚ್ಚರ ತೋರಲಿಲ್ಲ. ಒಳ್ಳೆಯ ತಳಿಯ ಮನುಷ್ಯರಷ್ಟೇ ಹೆಚ್ಚಬೇಕು ಎನ್ನುವ ಸುಜನನ ವಾದದಲ್ಲಿ ಅವರಿಗೆ ಮೊದಲೇ ನಂಬಿಕೆಯಿತ್ತು.

ಆಮೇಲೆ ಏನಾಯಿತು?

ಈ ಅಂಕಿಗಳನ್ನು ಹಿಡಿದು 1923ರಲ್ಲಿ ಕಾರ್ಲ್ ಬ್ರಿಗಮ್ ಪುಸ್ತಕ ಬರೆದರು, ಮುನ್ನುಡಿ ಯರ್ಕೀಸ್ ಅವರದು. 1924ರಲ್ಲಿ ದಕ್ಷಿಣ ಮತ್ತು ಪೂರ್ವ ಯುರೋಪಿನವರ ವಲಸೆಯನ್ನು ಬಿಗಿಯಾಗಿ ತಡೆಯುವ ಕಾಯ್ದೆ ಬಂತು. ಅದಕ್ಕೆ ಈ ಪರೀಕ್ಷೆ ಎಷ್ಟು ಕಾರಣ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ವಲಸೆ ವಿರೋಧಿಗಳ ಕೈಗೆ ವಿಜ್ಞಾನದ ಹೆಸರಿನ ಅಸ್ತ್ರ ಸಿಕ್ಕಿದ್ದು ನಿಜ. 1930ರಲ್ಲಿ ಬ್ರಿಗಮ್ ತಮ್ಮ ತೀರ್ಮಾನಗಳಿಗೆ ಆಧಾರವಿಲ್ಲ ಎಂದು ತಾವೇ ಹಿಂದಕ್ಕೆ ಪಡೆದರು. ಅಷ್ಟರಲ್ಲಿ ಕಾಯ್ದೆಗೆ ಆರು ವರ್ಷ ತುಂಬಿತ್ತು.

ಯರ್ಕೀಸ್ ಮುಂದೆ ಯೇಲ್ ವಿಶ್ವವಿದ್ಯಾಲಯ ಸೇರಿ, 1930ರಲ್ಲಿ ಫ್ಲಾರಿಡಾದಲ್ಲಿ ಚಿಂಪಾಂಜಿಗಳ ಅಧ್ಯಯನ ಕೇಂದ್ರ ತೆರೆದರು. 1956ರಲ್ಲಿ ತೀರಿಕೊಂಡರು. ಆ ಕೇಂದ್ರ ನಂತರ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯಕ್ಕೆ ಸೇರಿ ಅವರ ಹೆಸರಿನಲ್ಲೇ ನಡೆಯಿತು. 2022ರಲ್ಲಿ, ಸುಜನನ ವಾದಕ್ಕೆ ಅವರು ಕೊಟ್ಟ ಬೆಂಬಲದ ಕಾರಣಕ್ಕೆ ವಿಶ್ವವಿದ್ಯಾಲಯ ಆ ಹೆಸರನ್ನು ತೆಗೆಯಿತು.

ಫಾರ್ವರ್ಡ್ ಮಾಡುವ ಮುನ್ನ

ಐಕ್ಯೂ ಪರೀಕ್ಷೆಗಳೆಲ್ಲ ಸುಳ್ಳು ಎಂದು ಇದರರ್ಥವಲ್ಲ. ಕಲಿಕೆಯಲ್ಲಿ ನೆರವು ಬೇಕಾದ ಮಗುವನ್ನು ಗುರುತಿಸಲು ತಜ್ಞರು ಇವನ್ನು ಇಂದಿಗೂ ಬಳಸುತ್ತಾರೆ. ಆದರೆ ಒಂದು ದೇಶ, ಜಾತಿ ಅಥವಾ ಭಾಷೆಯ ಜನರೆಲ್ಲರ ಮೇಲೆ ಒಂದು ಅಂಕಿ ಅಂಟಿಸಿದ ಪಟ್ಟಿ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಪರೀಕ್ಷೆ ಬರೆದವರು ಯಾರು? ಯಾವ ಭಾಷೆಯಲ್ಲಿ ಬರೆದರು? ಅವರಿಗೆ ಶಾಲೆ ಸಿಕ್ಕಿತ್ತೇ? ಉತ್ತರ ಸಿಗದಿದ್ದರೆ ಆ ಪಟ್ಟಿ ನಿಮ್ಮ ಫೋನಿನಲ್ಲೇ ನಿಲ್ಲಲಿ.