ಮಹನೀಯರ ಪರಿಚಯ: ಪಿ. ಸಿ. ಮಹಲನೋಬಿಸ್



ಅನ್ನ ಬೆಂದಿದೆಯಾ ಅಂತ ನೋಡೋಕೆ ಅಮ್ಮ ಪಾತ್ರೆಯಲ್ಲಿರುವ ಅಗುಳನ್ನೆಲ್ಲ ಹಿಸುಕುವುದಿಲ್ಲ. ನಾಲ್ಕು ಅಗುಳು ತೆಗೆದು ನೋಡುತ್ತಾಳೆ, ಅಷ್ಟೆ. ಇದೇ ಉಪಾಯದಿಂದ ಇಡೀ ದೇಶದ ಬೆಳೆಯನ್ನೂ ಜನಜೀವನವನ್ನೂ ಅಳೆಯಬಹುದು ಎಂದು ನಮ್ಮ ದೇಶದಲ್ಲಿ ಮಾಡಿ ತೋರಿಸಿದವರು ಪ್ರಶಾಂತ ಚಂದ್ರ ಮಹಲನೋಬಿಸ್. ಸಂಖ್ಯಾಶಾಸ್ತ್ರ ಎಂದರೆ ಮೊದಲು ನೆನಪಾಗುವ ಹೆಸರು ಇವರದು. ಆದರೆ ಈ ವಿಷಯವನ್ನು ಇವರು ತರಗತಿಯಲ್ಲಿ ಕೂತು ಕಲಿತವರಲ್ಲ!

ಇವರು ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತಾದಲ್ಲಿ. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ 1913ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ ಓದಬೇಕೆಂದಿದ್ದರು. ಒಂದು ದಿನ ಕೇಂಬ್ರಿಜ್ ನೋಡಲು ಹೋದಾಗ ವಾಪಸು ಬರುವ ಕೊನೆಯ ರೈಲು ತಪ್ಪಿತು. ರಾತ್ರಿ ಗೆಳೆಯರ ಹತ್ತಿರ ಉಳಿದರು. ಆ ಊರು ಎಷ್ಟು ಹಿಡಿಸಿತೆಂದರೆ ಅಲ್ಲಿನ ಕಿಂಗ್ಸ್ ಕಾಲೇಜಿಗೇ ಸೇರಿಬಿಟ್ಟರು. ಗಣಿತಜ್ಞ ರಾಮಾನುಜನ್ ಅವರ ಸ್ನೇಹವಾದದ್ದೂ ಅಲ್ಲಿಯೇ.

1915ರಲ್ಲಿ ಓದು ಮುಗಿಯಿತು. ಆಗ ಮೊದಲನೇ ಮಹಾಯುದ್ಧ ನಡೆಯುತ್ತಿತ್ತು. ಊರಿಗೆ ಹೊರಡುವ ಹಡಗು ತಡವಾಯಿತು. ಮಹಲನೋಬಿಸ್ ಸುಮ್ಮನೆ ಕೂರದೆ ಗ್ರಂಥಾಲಯಕ್ಕೆ ಹೋಗುತ್ತಿದ್ದರು. ಅಲ್ಲಿ ಮೆಕಾಲೆ ಎಂಬ ಅಧ್ಯಾಪಕರು ಬಯೋಮೆಟ್ರಿಕಾ ಎಂಬ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಜೀವಿಗಳ ಅಳತೆಗಳನ್ನು ಲೆಕ್ಕ ಹಾಕಿ ತಿಳಿಯುವ ಹೊಸ ವಿದ್ಯೆ ಅದರಲ್ಲಿತ್ತು. ಇವರು ಆ ಸಂಪುಟಗಳನ್ನು ಕೊಂಡೇಬಿಟ್ಟರು, ಹಡಗಿನಲ್ಲೇ ಓದಲು ಶುರುಮಾಡಿದರು. ಪರೀಕ್ಷೆ ಇಲ್ಲ, ಅಂಕವೂ ಇಲ್ಲ. ಬರೀ ಆಸಕ್ತಿ!

ಕಲ್ಕತ್ತಾಕ್ಕೆ ಬಂದು ಭೌತಶಾಸ್ತ್ರದ ಅಧ್ಯಾಪಕರಾದರು. ಆದರೆ ಕಲಿತ ಹೊಸ ವಿದ್ಯೆಯನ್ನು ಕಪಾಟಿನಲ್ಲಿಡಲಿಲ್ಲ. ಮನುಷ್ಯರ ಮೈಯಳತೆ, ಹವಾಮಾನ, ಪರೀಕ್ಷೆಯ ಅಂಕ ಹೀಗೆ ಎದುರಿಗೆ ಬಂದದ್ದಕ್ಕೆಲ್ಲ ಅದನ್ನು ಹಚ್ಚಿ ನೋಡಿದರು.

1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಗೆ ಭಾರಿ ಪ್ರವಾಹ ಬಂತು. ನದಿಯ ತಳ ಮೇಲೆದ್ದಿದೆ, ದಂಡೆಯ ಏರಿಯನ್ನು ಇನ್ನೂ ಎತ್ತರಿಸಬೇಕು ಎಂದು ಎಂಜಿನಿಯರುಗಳು ಹೇಳಿದರು. ಮಹಲನೋಬಿಸ್ ಸುಮಾರು 60 ವರ್ಷಗಳ ಮಳೆ ಮತ್ತು ನೀರಿನ ಲೆಕ್ಕ ತೆಗೆಸಿ ನೋಡಿದರು. ನದಿಯ ತಳ ಎದ್ದಿರಲಿಲ್ಲ, ಮೇಲಿನ ಸೀಮೆಯಲ್ಲಿ ಮಳೆ ವಿಪರೀತ ಬಿದ್ದಿತ್ತು ಅಷ್ಟೆ! ಹಾಗಾಗಿ ಏರಿ ಎತ್ತರಿಸಿದರೆ ಸಾಲದು, ನೀರನ್ನು ಮೇಲೆಯೇ ತಡೆಯಬೇಕು ಅಂತ ತೋರಿಸಿದರು. ಲೆಕ್ಕ ತಪ್ಪಿದರೆ ಜನರ ಮನೆಮಠವೇ ಮುಳುಗುತ್ತದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ?

1931ರಲ್ಲಿ ಕಾಲೇಜಿನ ತಮ್ಮ ಕೋಣೆಯಲ್ಲೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಶುರು ಮಾಡಿದರು. 1933ರಲ್ಲಿ ಸಾಂಖ್ಯ ಎಂಬ ಪತ್ರಿಕೆ ಹೊರಡಿಸಿದರು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, ಮುಂದೆ ಜಗತ್ಪ್ರಸಿದ್ಧರಾದ ಸಿ. ಆರ್. ರಾವ್ ಕೂಡ 1941ರಲ್ಲಿ ಇದೇ ಸಂಸ್ಥೆಗೆ ಕಲಿಯಲು ಸೇರಿದರು.

ಬಂಗಾಳದಲ್ಲಿ ಎಷ್ಟು ಸೆಣಬು ಬೆಳೆದಿದೆ ಅಂತ ತಿಳಿಯಬೇಕಿತ್ತು. ಪ್ರತಿ ಹೊಲಕ್ಕೂ ಹೋಗಲು ಹಣ, ಆಳು, ಸಮಯ ಎಲ್ಲಿಂದ ತರುವುದು? ಮಹಲನೋಬಿಸ್ ಕೆಲವೇ ಹೊಲಗಳನ್ನು ಆರಿಸಿದರು. ಇಲ್ಲೇ ಇರುವುದು ಗುಟ್ಟು. ರಸ್ತೆ ಪಕ್ಕದ ಹೊಲ, ಗುರುತಿನವರ ಹೊಲ ಅಂತ ಮನಸ್ಸಿಗೆ ಬಂದದ್ದನ್ನು ಆರಿಸಿದರೆ ಲೆಕ್ಕ ಕೆಟ್ಟಿತು. ಚೀಟಿ ಎತ್ತಿದ ಹಾಗೆ ಆರಿಸಬೇಕು. ಆಗ ನಮ್ಮ ಉತ್ತರ ನಿಜಕ್ಕಿಂತ ಎಷ್ಟು ಆಚೀಚೆ ಇರಬಹುದು ಎಂಬುದನ್ನೂ ಸಂಭವನೀಯತೆಯ ಗಣಿತ ಹೇಳುತ್ತದೆ. ಸಾಲದ್ದಕ್ಕೆ ಒಂದೇ ಪ್ರದೇಶಕ್ಕೆ ಬೇರೆಬೇರೆ ತಂಡ ಕಳಿಸಿ, ಅವು ತಂದ ಲೆಕ್ಕಗಳನ್ನು ತಾಳೆ ನೋಡುತ್ತಿದ್ದರು. ಯಾರ ಕಡೆ ಎಡವಟ್ಟಾಗಿದೆ ಅಂತ ಸಿಕ್ಕಿಬೀಳುತ್ತಿತ್ತು!

ಇದೇ ರೀತಿಯಲ್ಲಿ 1950ರಲ್ಲಿ ಇಡೀ ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಅದು ಇಂದಿಗೂ ನಡೆಯುತ್ತಿದೆ. ಎರಡನೇ ಪಂಚವಾರ್ಷಿಕ ಯೋಜನೆಯ ಕರಡು ತಯಾರಿಸಿದವರೂ ಇವರೇ. 1968ರಲ್ಲಿ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು, ಹುಟ್ಟುಹಬ್ಬಕ್ಕೆ ಒಂದೇ ದಿನ ಇರುವಾಗ ತೀರಿಕೊಂಡರು. 2007ರಿಂದ ಜೂನ್ 29ನ್ನು ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ.

ಮಿತ್ರರೇ, ಮಹಲನೋಬಿಸ್ ಅವರಿಗೆ ಆ ವಿದ್ಯೆ ಸಿಗಲು ಕಡಲು ದಾಟಬೇಕಾಯಿತು, ಸಂಪುಟಗಳನ್ನು ದುಡ್ಡು ಕೊಟ್ಟು ತರಬೇಕಾಯಿತು. ಈಗ ಎನ್‌ಪಿಟಿಇಎಲ್, ಸ್ವಯಂ, ಖಾನ್ ಅಕಾಡೆಮಿಗಳಲ್ಲಿ ಇದೇ ಪಾಠಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಪಾಠ ನೋಡಿದರಷ್ಟೇ ವಿದ್ಯೆ ಬಾರದು. ಅವರ ಹಾಗೆ ಎದುರಿಗಿರುವ ವಸ್ತುವಿಗೆ ಹಚ್ಚಿ ನೋಡಬೇಕು.

ಮಾಡಿ ನೋಡಿ: 100 ಹುಣಸೆ ಬೀಜ ತಗೊಳ್ಳಿ. 30ಕ್ಕೆ ಸುಣ್ಣದ ಗುರುತು ಹಾಕಿ, ಒಣಗಿದ ಮೇಲೆ ಎಲ್ಲವನ್ನೂ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಿ. ಕಣ್ಣು ಮುಚ್ಚಿ 10 ಬೀಜ ತೆಗೆದು, ಗುರುತಿನವು ಎಷ್ಟು ಅಂತ ಬರೆದುಕೊಂಡು, ವಾಪಸು ಹಾಕಿ. ಹೀಗೆ 20 ಸಲ ಮಾಡಿ. ಒಮ್ಮೆ 2 ಬಂದೀತು, ಒಮ್ಮೆ 5 ಬಂದೀತು. ಕೊನೆಗೆ ಎಲ್ಲ ಕೂಡಿಸಿ 20ರಿಂದ ಭಾಗಿಸಿ. ಉತ್ತರ 3ರ ಆಸುಪಾಸು ಬರುತ್ತದೆ. ಆಮೇಲೆ ಗೆಳೆಯರಿಂದ ಗುಟ್ಟಾಗಿ ಗುರುತು ಹಾಕಿಸಿ, ಚೀಲದೊಳಗೆ ಎಷ್ಟಿವೆ ಅಂತ ನೀವೇ ಕಂಡುಹಿಡಿಯಿರಿ!